ಬೋರ್ಡೋ ಮಿಶ್ರಣ

ನಮ್ಮ ಕಡೆ ಬೋರ್ಡೋ ಎಂದರೆ ಔಷಧಿ. ಮೈಲುತುತ್ತ, ಸುಣ್ಣ, ನೀರು ಸೇರಿಸಿ ಕಲಸಿದ ನೀಲಿ ದ್ರಾವಣ. ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಅದನ್ನು ಹೊಡೆಯದ ತೋಟ ಸೋಮವಾರಪೇಟೆಯ ಸುತ್ತಮುತ್ತ ಹುಡುಕಿದರೂ ಸಿಗುವುದಿಲ್ಲ. ಬೋರ್ಡೋ ಎನ್ನುವುದು ಒಂದು ಊರು, ಫ್ರಾನ್ಸಿನಲ್ಲಿದೆ, ಅಲ್ಲಿ ದ್ರಾಕ್ಷಿ ಬೆಳೆದು ಕೆಂಪು ವೈನ್ ಮಾಡುತ್ತಾರೆ ಎಂದು ಯಾರಿಗಾದರೂ ಹೇಳಿದರೆ, ಅದಿರಲಿ, ಸುಣ್ಣ ಎಷ್ಟು ಹಾಕಬೇಕು ಅದನ್ನು ಹೇಳಿ ಎನ್ನುತ್ತಾರೆ. ನನ್ನನ್ನೇ ಹುಡುಕಿಕೊಂಡು ಬಂದು ಕೇಳುತ್ತಾರೆ, ಏಕೆಂದರೆ ಈ ಊರಿನಲ್ಲಿ ಬೋರ್ಡೋಗೆ ಹೋಗಿ ಬಂದವನು ನಾನೊಬ್ಬನೇ.

ಈ ಹೆಸರು ನನಗೆ ಅಂಟಿದ್ದು ಅಕ್ಕನ ದೆಸೆಯಿಂದ. ನಾನು ಮುಂಬೈಯ ಒಂದು ದೊಡ್ಡ ಹೋಟೆಲಿನಲ್ಲಿ ವೈನ್ ಬಡಿಸುವವನಾಗಿದ್ದೆ. ಬಡಿಸುವುದೆಂದರೆ ಸುಮ್ಮನೆ ಸುರಿಯುವುದಲ್ಲ. ಯಾವ ಊಟಕ್ಕೆ ಯಾವುದು ಹೊಂದುತ್ತದೆ, ಬಾಟಲಿ ಕೆಟ್ಟಿದೆಯೋ ಇಲ್ಲವೋ, ಈಗಲೇ ಬಿಚ್ಚಬೇಕೋ ಇನ್ನಷ್ಟು ವರ್ಷ ಮಲಗಿಸಿಡಬೇಕೋ, ಇದನ್ನೆಲ್ಲ ಮೂಸಿ, ಬಾಯಲ್ಲಿ ಆಡಿಸಿ, ಉಗುಳಿ ಹೇಳಬೇಕು. ಹೋಟೆಲಿನವರು ಒಂದು ಚಳಿಗಾಲ ನನ್ನನ್ನೂ ಇನ್ನು ಕೆಲವರನ್ನೂ ತರಬೇತಿಗೆಂದು ಬೋರ್ಡೋಗೆ ಕಳುಹಿಸಿದರು. ಹೊರಡುವ ಮುಂಚೆ ಅಕ್ಕನಿಗೆ ಫೋನು ಮಾಡಿ ತಿಳಿಸಿದೆ. ಮಾರನೆಯ ದಿನ ಸಂತೆಯಲ್ಲಿ ಸಿಕ್ಕವರಿಗೆಲ್ಲ ಅವಳು, "ನಮ್ಮ ತಮ್ಮ ಬೋರ್ಡೋ ಕಲಿಯಕ್ಕೆ ಫ್ರಾನ್ಸಿಗೆ ಹೋಗವ್ನೆ" ಎಂದು ಸಾರಿಬಿಟ್ಟಳು. ಅಷ್ಟೇ ಸಾಕಾಯಿತು. ಊರಿನ ಲೆಕ್ಕದಲ್ಲಿ ನಾನು ಔಷಧಿ ಕಂಪನಿಯ ಮನುಷ್ಯನಾದೆ.

ಅವಳು ನಿಜವಾಗಿ ತಪ್ಪು ತಿಳಿದಳೋ, ತಿಳಿದೂ ಹಾಗೆ ಹೇಳಿದಳೋ ನನಗೆ ಗೊತ್ತಾಗಲಿಲ್ಲ. ನಾನೂ ಕೆದಕಲಿಲ್ಲ. ನಮ್ಮದು ಲಿಂಗ ಕಟ್ಟಿದವರ ಮನೆ. ಹಣೆಗೆ ವಿಭೂತಿ ಇಲ್ಲದೆ ಒಲೆ ಹಚ್ಚುವುದಿಲ್ಲ, ಒಳಗೆ ಮೊಟ್ಟೆಯೂ ಬರುವುದಿಲ್ಲ. ಮಡಿಕೇರಿಯ ಕಡೆ ಮನೆಮನೆಯಲ್ಲೂ ವೈನ್ ಮಾಡಿಟ್ಟು, ಬಂದವರಿಗೆ ಕೇಕಿನ ಜೊತೆ ಕೊಡುತ್ತಾರೆ ಎಂಬುದನ್ನೇ ನಮ್ಮವರು ಬೇರೆ ದೇಶದ ಸುದ್ದಿಯಂತೆ ಮಾತಾಡುತ್ತಾರೆ. ಅಮ್ಮ ಬದುಕಿದ್ದಾಗ ಒಮ್ಮೆ ನೇರವಾಗಿ ಕೇಳಿದ್ದಳು, ಕುಡೀತೀಯೇನೋ ಎಂದು. ಇಲ್ಲಮ್ಮ, ಉಗುಳ್ತೀನಿ ಅಂದೆ. ಉಗುಳಕ್ಕೆ ಸಂಬಳ ಕೊಡ್ತಾರಾ ಎಂದು ಅವಳು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ನಗುವಿನಿಂದ ಬಂದ ನೀರೋ ಏನೋ. ಆ ವಿಷಯ ನಮ್ಮ ಮನೆಯಲ್ಲಿ ಅಲ್ಲಿಗೇ ಮುಗಿಯಿತು.

ಹೀಗಾಗಿ ನಾನು ಏನು ನೋಡಿ ಬಂದೆ ಎಂದು ಮೊನ್ನೆಯವರೆಗೆ ಈ ಊರಿನಲ್ಲಿ ಯಾರೂ ಕೇಳಿದ್ದಿಲ್ಲ. ಇಲ್ಲಿ ಬರೆಯುತ್ತೇನೆ, ಕಾಗದಕ್ಕೆ ಬೇಜಾರಿಲ್ಲ.

ತೋಟ ಎಂದರೆ ನೆರಳು ಎಂದುಕೊಂಡು ಬೆಳೆದವನು ನಾನು. ಹಲಸು, ಹಾಲುವಾಣ, ಸಿಲ್ವರ್ ಓಕ್, ಅದರ ಕೆಳಗೆ ಕಾಫಿ. ಬೋರ್ಡೋದ ತೋಟದಲ್ಲಿ ಒಂದೇ ಒಂದು ಮರ ಇರಲಿಲ್ಲ. ಸೊಂಟದೆತ್ತರದ ಕರಿ ಬೊಡ್ಡೆಗಳು ತಂತಿ ಹಿಡಿದು ಸಾಲಾಗಿ ನಿಂತಿದ್ದವು, ಎಲೆ ಇಲ್ಲ, ಏನಿಲ್ಲ. ಬಳ್ಳಿ ಸವರುವವರು ಕಡ್ಡಿ ಕತ್ತರಿಸಿ ಅಲ್ಲೇ ಸುಡುತ್ತಿದ್ದರು. ಕಾಲ ಕೆಳಗೆ ಮಣ್ಣೇ ಕಾಣದಷ್ಟು ಬೆಣಚುಕಲ್ಲು. ಇಂಥ ಜಾಗವನ್ನು ಪುಕ್ಕಟೆ ಕೊಟ್ಟರೂ ನಮ್ಮವರು ಮೂಗು ಮುರಿಯುತ್ತಾರೆ ಎಂದುಕೊಂಡೆ. ನಮ್ಮನ್ನು ತೋಟ ಸುತ್ತಿಸುತ್ತಿದ್ದ ಮುದುಕ ಹೇಳಿದ, ಈ ಕಲ್ಲು ಹಗಲು ಕಾದು ಸಂಜೆ ಬಳ್ಳಿಗೆ ಬಿಸಿ ಕೊಡುತ್ತದೆ, ನೀರು ನಿಲ್ಲಗೊಡುವುದಿಲ್ಲ, ಬೇರು ನೀರು ಹುಡುಕಿಕೊಂಡು ಆಳಕ್ಕೆ ಹೋಗಬೇಕು, ಸುಖವಾಗಿ ಬೆಳೆದ ಬಳ್ಳಿಯಲ್ಲಿ ಎಲೆ ಜಾಸ್ತಿ, ಹಣ್ಣಿನಲ್ಲಿ ಸತ್ವ ಇರುವುದಿಲ್ಲ. ಹೊಳೆಯ ಆಚೆ ದಡಕ್ಕೆ ಹೋದರೆ ನೆಲ ಬೇರೆ, ತಂಪು ಜೇಡಿ. ಅಲ್ಲಿ ಬೆಳೆಯುವ ದ್ರಾಕ್ಷಿಯೂ ಬೇರೆ, ಅದರ ಗುಣವೂ ಬೇರೆ.

ತಂತಿ ಕಟ್ಟಿದ ಗೂಟಗಳ ಮೇಲೆ ನೀಲಿ ಕಲೆ ಇತ್ತು. ಅದನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ, ನಮ್ಮ ಮೆಣಸು ಹಬ್ಬಿಸಿದ ಮರಗಳ ಮೈಮೇಲೆ ಇರುವ ಕಲೆಯೇ. ಕೇಳಿದಾಗ ಮುದುಕ ಹೇಳಿದ, ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂದು ಹಿಂದಿನವರು ಮೈಲುತುತ್ತ, ಸುಣ್ಣ ಕಲಸಿ ರಸ್ತೆಯ ಬದಿಯ ಸಾಲುಗಳಿಗೆ ಎರಚುತ್ತಿದ್ದರಂತೆ. ಆಮೇಲೆ ನೋಡಿದರೆ ಎರಚಿದ ಸಾಲಿಗೆ ರೋಗವೇ ಬರಲಿಲ್ಲ. ಅಕ್ಕ ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದು ಅನ್ನಿಸಿ ಅಲ್ಲೇ ನಗು ಬಂತು. ಯಾಕೆ ನಗುತ್ತೀಯ ಎಂದು ಜೊತೆಯವರು ಕೇಳಿದರು. ಹೇಳಲು ಸೋಮವಾರಪೇಟೆಯಿಂದ ಶುರು ಮಾಡಬೇಕಾಗಿತ್ತು, ಏನಿಲ್ಲ ಎಂದು ಮುಂದಿನ ಸಾಲಿಗೆ ನಡೆದೆ.

ಅಸಲು ವಿದ್ಯೆ ಒಳಗೆ, ತಣ್ಣಗಿನ ಒಂದು ಕೋಣೆಯಲ್ಲಿ. ಅಲ್ಲಿನ ಕೆಂಪು ವೈನ್ ಒಂದೇ ದ್ರಾಕ್ಷಿಯದಲ್ಲ. ಪ್ರತಿ ತಳಿಯನ್ನೂ, ಪ್ರತಿ ತುಂಡು ನೆಲದ್ದನ್ನೂ ಬೇರೆಬೇರೆ ಪೀಪಾಯಿಯಲ್ಲಿಟ್ಟು, ಚಳಿಗಾಲದಲ್ಲಿ ಮೇಜಿನ ಸುತ್ತ ಕೂತು ಯಾವುದಕ್ಕೆ ಯಾವುದನ್ನು ಎಷ್ಟು ಸೇರಿಸುವುದೆಂದು ತೀರ್ಮಾನಿಸುತ್ತಾರೆ. ಮಿಶ್ರಣ ಎಂದರೆ ಕಲಬೆರಕೆ, ಕಾಫಿಪುಡಿಗೆ ಚಿಕೋರಿ ತುಂಬಿ ಮಾರಿದ ಹಾಗೆ ಎಂದು ನನ್ನ ತಲೆಯಲ್ಲಿತ್ತು. ಕ್ಯಾಬರ್ನೆ ಒಂದನ್ನೇ ಬಾಯಿಗೆ ಹಾಕಿಕೊಂಡಾಗ ವಿಷಯ ತಿಳಿಯಿತು. ಬೆಣಚುಕಲ್ಲಿನ ನೆಲದ ದ್ರಾಕ್ಷಿ ಅದು, ದಪ್ಪ ಸಿಪ್ಪೆ. ನಾಲಿಗೆಯ ಮುಂದೆ ನೇರಳೆ ಹಣ್ಣು, ಪೆನ್ಸಿಲ್ ಕೆತ್ತಿದ ವಾಸನೆ. ಕೊನೆಯಲ್ಲಿ ಬಾಳೆಕಾಯಿ ಕಚ್ಚಿದಂಥ ಒಗರು. ಆದರೆ ನಡುವೆ ಖಾಲಿ. ಘನವಾದ ಮನುಷ್ಯ, ಮನೆಗೆ ಹೋದರೆ ಮಾತೇ ಆಡುವುದಿಲ್ಲ, ಹಾಗೆ. ಆ ಖಾಲಿ ಜಾಗಕ್ಕೆ ಆಚೆ ದಡದ ಮೆರ್ಲೋ ಬಂದು ಕೂರುತ್ತದೆ. ಮೆತ್ತಗಿನ ತಿರುಳು, ದುಂಡು ಸ್ವಭಾವ. ಕ್ಯಾಬರ್ನೆ ಫ್ರಾಂ ಎಂಬ ಇನ್ನೊಂದು, ಮೆಣಸಿನ ಎಲೆ ಹೊಸಕಿದಂತೆ ಹಸಿ ಹಸಿ ವಾಸನೆಯದು. ಪೆತಿ ವೆರ್ದೋ ಎನ್ನುವುದು ಪಲಾವಿಗೆ ಲವಂಗದ ಹಾಗೆ, ಒಂದು ಚೂರು ಸಾಕು, ಹೆಚ್ಚಾದರೆ ಎಲ್ಲವನ್ನೂ ನುಂಗಿಹಾಕುತ್ತದೆ. ನಾಲ್ಕೂ ಸೇರಿ ಲೋಟದಲ್ಲಿ ಒಂದಾದಾಗ ಯಾವುದು ಯಾವುದೆಂದು ಬಿಡಿಸಲಾಗದು. ಬಿಡಿಸಬಲ್ಲವನಿಗೆ ಆ ಕೋಣೆಯಲ್ಲಿ ಮರ್ಯಾದೆ. ನನಗೆ ಸಿಕ್ಕಿತ್ತು.

ಜಂಬ ಎಂದುಕೊಂಡರೂ ಚಿಂತೆಯಿಲ್ಲ, ಹೇಳಿಯೇ ಬಿಡುತ್ತೇನೆ. ನನಗೆ ಒಳ್ಳೆಯ ಮೂಗಿತ್ತು. ಹೊಲ, ಮನೆ, ಹೆಂಡತಿ, ಮಕ್ಕಳು ಯಾವುದನ್ನೂ ಸಂಪಾದಿಸಲಿಲ್ಲ. ಎರಡು ಮೂರು ಕಡೆ ಹೆಣ್ಣು ನೋಡಿದ್ದರು, ಹುಡುಗ ಏನು ಕೆಲಸ ಮಾಡುತ್ತಾನೆ ಎಂಬಲ್ಲಿಗೆ ಬಂದು ಮಾತು ನಿಂತುಹೋಗುತ್ತಿತ್ತು. ಇದ್ದದ್ದು ಮೂಗೊಂದೇ, ಮತ್ತು ಅದರ ತುದಿಯಲ್ಲಿ ಕೋಪ.

ಕಾಯಿಲೆಯ ಕಾಲದಲ್ಲಿ ಹೋಟೆಲುಗಳು ಮುಚ್ಚಿದಾಗ ಊರಿಗೆ ಬಂದೆ. ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಮನೆಯಲ್ಲಿ ಒಬ್ಬಳೇ ಇದ್ದು ತೋಟ ನೋಡಿಕೊಳ್ಳುತ್ತಿದ್ದಳು. ಗಟ್ಟಿಗಿತ್ತಿ, ಆಳುಗಳನ್ನು ಗದರಿಸಿ ಗೇಯಿಸುತ್ತಾಳೆ, ಅಷ್ಟೇ ಚೆನ್ನಾಗಿ ಊಟಕ್ಕೂ ಹಾಕುತ್ತಾಳೆ. ಹೋಟೆಲು ತೆರೆದ ಕೂಡಲೇ ಕರೆಸಿಕೊಳ್ಳುತ್ತೇವೆ ಎಂದು ಅವರು ಹೇಳಿದ್ದರು, ಅದನ್ನೇ ನಂಬಿಕೊಂಡು ಇದ್ದೆ. ಕೂತು ತಿನ್ನುವುದು ಬೇಡವೆಂದು ಬೆಳಗ್ಗೆ ಪೂಜೆಗೆ ಹೂವು ಬಿಡಿಸಿ ತರುವ ಕೆಲಸ ವಹಿಸಿಕೊಂಡೆ. ಅಲ್ಲೇ ತೊಂದರೆ ಶುರುವಾಯಿತು.

ಮೂಸಿದ ಹೂವು ದೇವರಿಗೆ ಆಗುವುದಿಲ್ಲ, ಅದು ಎಂಜಲಿಗೆ ಸಮ. ಇದು ನನಗೂ ಗೊತ್ತು, ಆದರೆ ನನ್ನ ಕೈಗೆ ಗೊತ್ತಿಲ್ಲ. ಕೈಗೆ ಬಂದದ್ದು ಮೂಗಿನ ಹತ್ತಿರ ಹೋಗಿಯೇ ಆಮೇಲೆ ಬುಟ್ಟಿಗೆ. ಸಂಪಿಗೆ ಸಿಕ್ಕರೆ ನಾನು ತಡೆದುಕೊಳ್ಳುವವನೇ ಅಲ್ಲ. ಅಕ್ಕ ಜಗಲಿಯಿಂದ ನೋಡಿ, "ಯಾರಿಗೋ ತತ್ತಾ ಇದೀಯ ಹೂವ, ನಿಂಗಾ ಶಿವನಿಗಾ?" ಎನ್ನುತ್ತಿದ್ದಳು. ಬುಟ್ಟಿ ಸುರಿದು ಮತ್ತೆ ಬಿಡಿಸುತ್ತಿದ್ದೆ, ಮತ್ತೆ ಮೂಸುತ್ತಿದ್ದೆ. ಕೊನೆಗೆ ಅವಳು ಬುಟ್ಟಿಯನ್ನೇ ಕಿತ್ತುಕೊಂಡಳು. ನನಗೆ ಸಿಟ್ಟು ಬಂತು. ಮೂಸಿದ್ದಕ್ಕೇ ಜನ ನನಗೆ ಸಂಬಳ ಕೊಡುತ್ತಿದ್ದರು, ಈ ಮನೆಯಲ್ಲಿ ಅದಕ್ಕೇ ಮೈಲಿಗೆ.

ಆಮೇಲೆ ಜ್ವರ ಬಂತು. ಊರಿಗೆಲ್ಲ ಬಂದ ಹಾಗೆ ನಮಗೂ. ಅಕ್ಕ ಕಷಾಯ ಕುಡಿದು ಬೇಗ ಎದ್ದಳು, ನಾನು ನಿಧಾನವಾಗಿ ಎದ್ದೆ. ಎದ್ದ ದಿನ ಕಾಫಿ ಲೋಟ ಮೂಗಿಗೆ ಹಿಡಿದರೆ ಬಿಸಿ ಮಾತ್ರ ತಾಗಿತು. ಬಿಸಿನೀರಿಗೆ ಕಂದು ಬಣ್ಣ ಹಾಕಿದ್ದಾರೆ ಎನ್ನಿಸಿತು. ಪೇಟೆಯ ಡಾಕ್ಟರು ತಾನಾಗಿ ಬರುತ್ತದೆ, ಕಾಯಬೇಕು ಎಂದರು. ಕಾದೆ. ಲವಂಗ, ಕರ್ಪೂರ, ನಿಂಬೆ ಸಿಪ್ಪೆ, ಏಲಕ್ಕಿ, ಒಂದೊಂದನ್ನೇ ಕೋಣೆಯ ಬಾಗಿಲು ಹಾಕಿಕೊಂಡು ಮೂಗಿಗೆ ಒತ್ತಿ ಹಿಡಿಯುತ್ತಿದ್ದೆ. ಒಂದು ದಿನ ಕರ್ಪೂರ ಬಂದ ಹಾಗಾಯಿತು. ನೋಡಿದರೆ ಬರೀ ಉರಿ, ವಾಸನೆಯಲ್ಲ.

ಅಕ್ಕನಿಗೆ ಹೇಳಲಿಲ್ಲ. ಏನೆಂದು ಹೇಳುವುದು? ಕಣ್ಣು ಹೋದರೆ ಜನ ಕೈಹಿಡಿದು ನಡೆಸುತ್ತಾರೆ. ನನ್ನಲ್ಲಿ ಅಂಥದ್ದೊಂದು ಇತ್ತು ಎಂಬುದೇ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದು ಹೋಯಿತು ಎಂದು ಯಾರ ಮುಂದೆ ಅಳಲಿ. ಗೊತ್ತಿದ್ದವರು ಮುಂಬೈಯಲ್ಲಿದ್ದರು. ಅವರಿಗೆ ಹೇಳಿದರೆ ಕೆಲಸ ಹೋಗುತ್ತದೆ.

ಅವರ ಫೋನು ಬಂದೇ ಬಂತು. ಹೋಟೆಲು ತೆರೆದಿದೆ, ಯಾವಾಗ ಬರುತ್ತೀಯ. ಸ್ವಲ್ಪ ಸಮಯ ಕೊಡಿ ಎಂದೆ. ಮತ್ತೆ ಬಂತು, ಮತ್ತೆ ಸಮಯ ಕೇಳಿದೆ. ಮೂರನೆಯ ಸಲ ಅವರು ಕೇಳುವ ಮೊದಲೇ, ತೋಟ ನೋಡಿಕೊಳ್ಳುವವರಿಲ್ಲ, ಇನ್ನು ಬರಲಾಗುವುದಿಲ್ಲ ಎಂದುಬಿಟ್ಟೆ. ತೋಟ ನೋಡಿಕೊಳ್ಳುವವಳು ಅಂಗಳದಲ್ಲಿ ನಿಂತು ಆಳುಗಳಿಗೆ ಜೋರು ಮಾಡುತ್ತಿದ್ದಳು, ಅವಳ ದನಿ ಫೋನಿನಲ್ಲಿ ಅವರಿಗೂ ಕೇಳಿಸಿರಬೇಕು. ಆ ದಿನ ನಾನು ಊಟ ಮಾಡಲಿಲ್ಲ. ಮಾಡಿದ್ದರೂ ಒಂದೇ, ರುಚಿ ಇರಲಿಲ್ಲ.

ಪಕ್ಕದ ತೋಟದವರು ಆಗಾಗ ಬರುತ್ತಿದ್ದರು, ಬೋರ್ಡೋ ವಿಚಾರಕ್ಕೆ. ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಜಾಸ್ತಿ. ಹದ ನೋಡುವುದು ನನಗೂ ಬರುತ್ತಿತ್ತು. ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದರೆ ಅಲಗಿಗೆ ತಾಮ್ರದ ಕೆಂಪು ಹತ್ತಬಾರದು, ಹತ್ತಿದರೆ ಸುಣ್ಣ ಸಾಲದು. ಇದನ್ನು ನನಗೆ ಕಲಿಸಿದವನು ನನ್ನಪ್ಪ, ಫ್ರಾನ್ಸಿನವರಲ್ಲ. ಆದರೂ ನಾನು ಕತ್ತಿ ಅದ್ದುವಾಗ ಅವರು ಬಾಗಿ ನೋಡಿ, "ಅಲ್ಲಿ ಹೋಗಿ ಕಲಿತವರ ಕೈಯೇ ಬೇರೆ ಬಿಡಿ" ಎನ್ನುತ್ತಿದ್ದರು. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ವೈನಿನವನಾಗಿ ಉಳಿದಿರಲಿಲ್ಲ, ಔಷಧಿಯವನಾಗಿಯಾದರೂ ಇರೋಣ ಎನ್ನಿಸಿತು.

ಒಂದು ಬೆಳಗ್ಗೆ ಅಂಗಳದಲ್ಲಿ ಸಂಪಿಗೆ ಬಿದ್ದಿತ್ತು. ಎತ್ತಿ ಕಟ್ಟೆಯ ಮೇಲಿಟ್ಟು ಮುಂದೆ ಹೋದೆ. ಅಕ್ಕ ಅದನ್ನು ನೋಡುತ್ತಿದ್ದಳು ಎಂದು ನನಗೆ ತಿಳಿದಿರಲಿಲ್ಲ. ಮಾರನೆಯ ದಿನ ಬೇಕೆಂದೇ ಒಂದು ಕೊಂಬೆ ಬಗ್ಗಿಸಿ ನನ್ನ ಕೈಗೆ ಹೂವು ಕಿತ್ತುಕೊಟ್ಟಳು. ನಾನು ಹಿಡಿದು ನಿಂತೆ, ಮೂಗಿನ ಹತ್ತಿರ ಒಯ್ಯಲಿಲ್ಲ. ಅವಳ ಮುಖ ಅರಳಿತು. ಒಳಗೆ ಹೋಗಿ ಹೂವಿನ ಬುಟ್ಟಿ ತಂದು ಕೊಟ್ಟು, "ಇನ್ಮೇಲೆ ನೀನೇ ತಾರಪ್ಪ. ಈಗ ಈ ಮನೆಯವನಾದೆ" ಅಂದಳು.

ನಾನು ಬುಟ್ಟಿ ತೆಗೆದುಕೊಂಡೆ. ಅವಳು ಎಷ್ಟೋ ದಿನಗಳಿಂದ ಅಷ್ಟು ಪ್ರೀತಿಯಿಂದ ಮಾತಾಡಿರಲಿಲ್ಲ. ಅಂದು ಮಧ್ಯಾಹ್ನ ನನಗೆಂದು ಕಡುಬು ಬೇಯಿಸಿದಳು. ಚೆನ್ನಾಗಿದೆ ಎಂದೆ. ಏನಿತ್ತು ಅದರಲ್ಲಿ, ಹಿಟ್ಟಿನ ಮೆದುತನ ಇತ್ತು, ಉಪ್ಪು ಇತ್ತು. ಅವಳ ಖುಷಿಗೆ ನನಗೆ ಹೊಟ್ಟೆ ಉರಿಯಿತು, ಅವಳ ಮೇಲೆ ಕೋಪಿಸಿಕೊಳ್ಳಲೂ ಆಗಲಿಲ್ಲ.

ಹೂಮಳೆ ಬಂದು ಕಾಫಿ ಹೂಬಿಟ್ಟಾಗ ಇನ್ನೂ ಕಷ್ಟವಾಯಿತು. ತೋಟ ಪೂರ್ತಿ ಬೆಳ್ಳಗೆ. ಜನ ಜೀಪು ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾರೆ, ಮಲ್ಲಿಗೆ ಕಾಡಿನ ನಡುವೆ ನಿಂತ ಹಾಗಿರುತ್ತದೆ, ನನಗೆ ನೆನಪಿದೆ. ನಾನು ಸಾಲಿನ ನಡುವೆ ನಿಂತು ನೋಡಿದೆ. ಜೇನು ಮೊರೆಯುತ್ತಿತ್ತು. ಅದಕ್ಕೆ ಬರುತ್ತಿದೆ, ನನಗೆ ಬರುತ್ತಿಲ್ಲ ಎಂದು ಒಂದು ಹುಳುವಿನ ಮೇಲೆ ಅಸೂಯೆಪಟ್ಟೆ. ಗಿಡಗಳ ಮರೆಯಲ್ಲಿ ಕೂತು ಅತ್ತೆ. ಯಾವ ಆಳೂ ನೋಡಲಿಲ್ಲ, ನೋಡಿದ್ದರೂ ಅಣ್ಣಾವ್ರಿಗೆ ಹೂವು ನೋಡಿ ಸಂತೋಷವಾಯಿತು ಎಂದುಕೊಳ್ಳುತ್ತಿದ್ದರು.

ಹೀಗೆಯೇ ಉಳಿಯುತ್ತಿತ್ತೋ ಏನೋ. ಮೊನ್ನೆ ಸಂಜೆ ಅಕ್ಕ ತೋಟದಿಂದ ಇನ್ನೂ ಬಂದಿರಲಿಲ್ಲ, ಹಾಲು ಕಾಯಿಸಲು ಇಟ್ಟೆ. ಪೇಪರು ಹಿಡಿದುಕೊಂಡು ಅಡುಗೆಮನೆಯಲ್ಲೇ ಒಲೆಗೆ ಬೆನ್ನು ಮಾಡಿ ಮಣೆ ಹಾಕಿ ಕೂತಿದ್ದೆ. ಹಾಲು ಉಕ್ಕಿ ಒಲೆ ಆರಿಹೋಗಿದೆ, ಗ್ಯಾಸು ಬರುತ್ತಲೇ ಇದೆ. ನನಗೆ ತಲೆ ಸ್ವಲ್ಪ ಭಾರವಾದಂತಿತ್ತು, ಅಷ್ಟೇ. ಅಕ್ಕ ಅಂಗಳದಿಂದಲೇ ಕೂಗಿಕೊಂಡು ಓಡಿಬಂದಳು. ಒಲೆ ತಿರುಗಿಸಿದಳು, ಕಿಟಕಿ ಬಡಿದು ತೆರೆದಳು, ನನ್ನ ರಟ್ಟೆ ಹಿಡಿದು ಜಗಲಿಗೆ ಎಳೆದುಕೊಂಡು ಬಂದು ದೂಡಿದಳು. ಅವಳ ಕಾಲಲ್ಲಿ ಇನ್ನೂ ತೋಟದ ಚಪ್ಪಲಿ ಇತ್ತು. ಅಡುಗೆಮನೆಗೆ ಚಪ್ಪಲಿ ಮೆಟ್ಟಿ ಹೋದದ್ದು ಅವಳ ಜನ್ಮದಲ್ಲೇ ಮೊದಲು.

"ಮೂಗು ಸತ್ತೋಗದಾ ನಿಂಗೆ?" ಎಂದು ಬೈದಳು.

"ಹೂಂ ಅಕ್ಕ" ಎಂದೆ. "ಜ್ವರ ಬಂದಾಗಲೇ ಸತ್ತೋಯ್ತು."

ಅವಳು ಇನ್ನೂ ಬೈಯಲು ಬಾಯಿ ತೆರೆದವಳು ಹಾಗೇ ನಿಂತಳು. ನಾನು ತಲೆ ತಗ್ಗಿಸಿ ಕೂತೆ. "ಹಂಗಾದ್ರೆ ಹೂವ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂತಳು. ಒಳಗಿನ ಗಾಳಿ ಹೊರಗೆ ಹೋಗಲಿ ಎಂದು ಇಬ್ಬರೂ ಕಾಯುತ್ತಿದ್ದೆವು. ಅದು ಪೂರ್ತಿ ಹೋಯಿತೋ ಇಲ್ಲವೋ ಅವಳಿಗೆ ಮಾತ್ರ ತಿಳಿಯುತ್ತಿತ್ತು.

"ಬೋರ್ಡೋದ್ದು ಹೆಂಗಿರ್ತಿತ್ತು ಹೇಳು" ಅಂದಳು.

"ಮೆಣಸಿಗೆ ಹೊಡೆಯೋದಾ?"

"ನಿಂದು ಕಣೋ. ನೀನು ಆ ದೊಡ್ಡ ಮನುಷ್ಯರಿಗೆಲ್ಲ ಕುಡಿಸ್ತಿದ್ದದ್ದು. ನಂಗೇನು ಗೊತ್ತಿಲ್ಲ ಅಂತ ತಿಳ್ಕಂಡಿದ್ಯಾ?"

ಇಷ್ಟು ವರ್ಷ ಯಾವ ಬಾಯಿಂದ ಈ ಪ್ರಶ್ನೆ ಬರಲಿ ಎಂದು ಕಾದಿದ್ದೆನೋ ಆ ಬಾಯಿಂದಲೇ ಬಂತು. ಎಲ್ಲ ಹೇಳಿದೆ. ಲೋಟವನ್ನು ಹೇಗೆ ಓರೆ ಮಾಡಿ ಹಿಡಿಯಬೇಕು, ಬಣ್ಣದ ಅಂಚು ಹೇಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ಮೊದಲು ನೇರಳೆ ಬರುತ್ತದೆ, ಆಮೇಲೆ ಪೆನ್ಸಿಲ್ ಕೆತ್ತಿದ್ದು, ಹಳೆಯ ಪೆಟ್ಟಿಗೆ ತೆರೆದಂಥದ್ದು, ಮೊದಲ ಮಳೆಗೆ ನೆಂದ ತರಗೆಲೆ, ಕೊನೆಗೆ ಒಗರು. ಹೋಟೆಲಿನ ಮೇಜುಗಳ ಮುಂದೆ ಹೇಳುತ್ತಿದ್ದ ಮಾತುಗಳೇ, ಒಂದೂ ತಪ್ಪಲಿಲ್ಲ. ಹೇಳುತ್ತಾ ಹೋದಂತೆ ನನಗೊಂದು ವಿಷಯ ತಿಳಿಯಿತು. ಮಾತುಗಳೆಲ್ಲ ಇದ್ದವು, ಅವುಗಳ ಹಿಂದೆ ಏನೂ ಇರಲಿಲ್ಲ. ನೇರಳೆ ಎಂದರೆ ಅದು ನೇರಳೆ ಎಂಬ ಶಬ್ದ, ಅಷ್ಟೇ. ಮೂಗಷ್ಟೇ ಹೋಗಿದೆ ಎಂದುಕೊಂಡಿದ್ದೆ, ನೆನಪಿನೊಳಗಿದ್ದದ್ದೂ ಹೋಗಿತ್ತು.

ಅಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೇಳುತ್ತಿದ್ದಳು. ಅವಳು ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವಳಲ್ಲ. ನಾನು ನಿಲ್ಲಿಸಿದ ಮೇಲೂ ಹಾಗೇ ಇದ್ದಳು. "ನೀ ಹೇಳ್ತಿದ್ದಂಗೆ ನಂಗೆ ವಾಸನೆ ಬಂದಂಗಾಯ್ತು ಕಣೋ" ಅಂದಳು.

"ಹೆಂಗಿತ್ತು, ಹೇಳು" ಎಂದೆ.

ಅವಳು ಸ್ವಲ್ಪ ಯೋಚನೆ ಮಾಡಿ ಹೇಳತೊಡಗಿದಳು. ನಾನೂ ಕಣ್ಣು ಮುಚ್ಚಿಕೊಂಡೆ. ಏನೂ ಬರಲಿಲ್ಲ. ಇನ್ನೊಂದು ಸಲ ಹೇಳು ಅಕ್ಕ ಎಂದೆ.